ಬೀಗ ಹಾಕಿದರೆ ಬಾಡಿಗೆ ನಿಲ್ಲದು

ಖೋಲಿಗೆ ಬೀಗ ಹಾಕಿ ಊರಿಗೆ ಹೋದರೆ ಬಾಡಿಗೆ ನಿಲ್ಲುವುದೇ? ಇಲ್ಲ, ಸಾಮಾನು ತೆಗೆದು ಕೀಲಿ ಒಪ್ಪಿಸಬೇಕು. ಕ್ಲೌಡಿನಲ್ಲಿ ಬಾಡಿಗೆಗೆ ಪಡೆದ ಕಂಪ್ಯೂಟರಿಗೂ ಇದೇ ನ್ಯಾಯ. ಮೈಕ್ರೋಸಾಫ್ಟಿನ ಅಜೂರ್‌ನಲ್ಲಿ ಕಂಪ್ಯೂಟರನ್ನು ನಿಲ್ಲಿಸಿಟ್ಟರೂ ಅದರ ಡಿಸ್ಕಿನ ಬಾಡಿಗೆ ಏರುತ್ತಲೇ ಇರುತ್ತದೆ. ಸಂಬಳದಲ್ಲಿ ಉಳಿಸಿ ಈ ವಿದ್ಯೆ ಕಲಿಯುವ ತರುಣರು ಇದನ್ನು ಅವಶ್ಯ ತಿಳಿದಿರಬೇಕು.

ನಮ್ಮ ಪ್ರೋಗ್ರಾಮು ಅರ್ಜಿ ಸಲ್ಲಿಸುವ ಕಿಟಕಿಯೇ ಎಪಿಐ. ಅಲ್ಲಿ ಅನುಸರಿಸತಕ್ಕ ಕ್ರಮ ಹೀಗೆ:

1. ಬೇಕಾದುದರ ನಕಲನ್ನು ಮೊದಲು ತೆಗೆದಿಡಿ. ಅಳಿಸಿದ ಡಿಸ್ಕು ಮರಳಿ ಬರುವುದೆಂದು ನಂಬಬೇಡಿ.

2. ಆ ಕಂಪ್ಯೂಟರಿನ ವಿಳಾಸಕ್ಕೆ ‘ಗೆಟ್’ ಕೋರಿಕೆ ಕಳುಹಿಸಿ. 200 ಎಂಬ ಉತ್ತರದೊಡನೆ ಬಂದ ಹೆಸರು ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಿ.

3. ಅದೇ ವಿಳಾಸಕ್ಕೆ ‘ಡಿಲೀಟ್’ ಕೋರಿಕೆ ಕಳುಹಿಸಿ. 202 ಬಂದರೆ ಅರ್ಜಿ ಸ್ವೀಕೃತವಾಯಿತೆಂದಷ್ಟೇ ಅರ್ಥ, ಕೆಲಸ ಮುಗಿಯಿತೆಂದಲ್ಲ. ಕಚೇರಿಯ ಗುಮಾಸ್ತರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ!

4. ತುಸು ತಡೆದು ಮತ್ತೆ ‘ಗೆಟ್’ ಕಳುಹಿಸಿ. ‘ಅಂಥದು ಇಲ್ಲ’ ಎಂಬ 404 ಬಂದಾಗ ಮಾತ್ರ ನಂಬಿ.

5. ಕಂಪ್ಯೂಟರು ಹೋದರೂ, ಜೊತೆಗೇ ಅಳಿಸಲು ಮೊದಲೇ ಸೂಚಿಸಿರದಿದ್ದರೆ ಡಿಸ್ಕು ಉಳಿಯುತ್ತದೆ. ಅದಕ್ಕೆ ಬೇರೆಯೇ ‘ಡಿಲೀಟ್’ ಬೇಕು.

ಇಷ್ಟಾದ ಮೇಲೆಯೇ ಖೋಲಿ ಖಾಲಿಯಾದಂತೆ.