ಅಕ್ಷ ಮತ್ತು ಅಂಕ

1898ನೆಯ ಇಸವಿಯ ಫೆಬ್ರವರಿ ತಿಂಗಳ ಮೊದಲ ದಿನ. ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ಹಿಮ ಮಳೆಗಳಿಂದ ಕೂಡಿದ ಭಾರಿ ಬಿರುಗಾಳಿಯ ಬಳಿಕ 136 ಗುಬ್ಬಚ್ಚಿಗಳನ್ನು ಬ್ರೌನ್ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ತಂದರು. ಅವುಗಳಲ್ಲಿ 72 ಚೇತರಿಸಿಕೊಂಡವು, 64 ಪ್ರಾಣಬಿಟ್ಟವು. ಬದುಕಿದವುಗಳಿಗೂ ಸತ್ತವುಗಳಿಗೂ ದೇಹರಚನೆಯಲ್ಲಿ ಭೇದವಿತ್ತೇ? ಇದನ್ನು ತಿಳಿಯಲು ಪ್ರಾಣಿಶಾಸ್ತ್ರಜ್ಞ ಹರ್ಮನ್ ಬಂಪಸ್ ಪ್ರತಿಯೊಂದು ಹಕ್ಕಿಯನ್ನೂ ಅಳೆದು ಬರೆದಿಟ್ಟರು.

ಅವುಗಳಲ್ಲಿ ಹೆಣ್ಣು ಹಕ್ಕಿಗಳು 49. ಒಂದೊಂದಕ್ಕೂ ಐದು ಅಳತೆಗಳನ್ನು ತೆಗೆದುಕೊಳ್ಳಬಹುದು: ದೇಹದ ಉದ್ದ, ಚಾಚಿದ ರೆಕ್ಕೆಗಳ ಅಗಲ, ಕೊಕ್ಕು ಮತ್ತು ತಲೆಯ ಉದ್ದ, ರೆಕ್ಕೆಯ ಬುಡದ ಮೂಳೆ, ಎದೆಮೂಳೆಯ ಏಣು. ಎರಡೇ ಅಳತೆಗಳಿದ್ದರೆ ಗ್ರಾಫ್ ಹಾಳೆಯಲ್ಲಿ ಪ್ರತಿ ಹಕ್ಕಿಗೂ ಒಂದು ಬಿಂದುವನ್ನು ಗುರುತಿಸಬಹುದು. ಐದು ಅಳತೆಗಳಿಗೆ ಐದು ಅಕ್ಷಗಳು ಬೇಕು. ಅಂತಹ ಚಿತ್ರವನ್ನು ಕಣ್ಣು ಕಾಣಲಾರದು. ಈ ತೊಡಕಿಗೆ 1901ರಲ್ಲಿ ಕಾರ್ಲ್ ಪಿಯರ್ಸನ್, 1933ರಲ್ಲಿ ಹೆರಾಲ್ಡ್ ಹೊಟೆಲಿಂಗ್ ದಾರಿ ತೋರಿದರು. ಬಿಂದುಗಳು ಯಾವ ದಿಕ್ಕಿನಲ್ಲಿ ಅತ್ಯಂತ ಹೆಚ್ಚಾಗಿ ಹರಡಿವೆಯೋ ಆ ದಿಕ್ಕಿನ ಗೆರೆಯೇ ಮೊದಲನೆಯ ಅಕ್ಷ. ಅದಕ್ಕೆ ಲಂಬವಾಗಿದ್ದು, ಉಳಿದ ಹರವನ್ನು ಹೆಚ್ಚಾಗಿ ತೋರುವ ಗೆರೆ ಎರಡನೆಯದು.

ಅಕ್ಷದ ಮೇಲೆ ಹಕ್ಕಿಯು ನಿಲ್ಲುವ ಸ್ಥಾನವೇ ಅದರ ಅಂಕ. ಅಳತೆಗಳನ್ನೆಲ್ಲ ಒಂದೇ ಮಾನಕ್ಕೆ ತಂದು, ಪ್ರತಿಯೊಂದನ್ನೂ ಅದಕ್ಕೆ ಸಲ್ಲುವ ತೂಕದಿಂದ ಗುಣಿಸಿ ಕೂಡಿದರೆ ಅಂಕ ದೊರೆಯುತ್ತದೆ. ಎಲ್ಲ ಅಳತೆಗಳಲ್ಲಿಯೂ ಸರಾಸರಿಯಾಗಿರುವ ಹಕ್ಕಿಯ ಅಂಕ ಸೊನ್ನೆ.

ಅಕ್ಷದ ಅರ್ಥವನ್ನು ತೂಕಗಳಿಂದಲೇ ತಿಳಿಯಬೇಕು. ಮೊದಲನೆಯ ಅಕ್ಷದಲ್ಲಿ ಐದು ತೂಕಗಳೂ ಧನಸಂಖ್ಯೆಗಳು, ಸುಮಾರು 0.40ರಿಂದ 0.47ರವರೆಗೆ ಇವೆ. ಆದುದರಿಂದ ಅದು ಗಾತ್ರದ ಅಕ್ಷ. ಒಟ್ಟು ವ್ಯತ್ಯಾಸದ ಶೇಕಡಾ 72ರಷ್ಟು ಇದರಲ್ಲಿಯೇ ಅಡಗಿದೆ. ಎರಡನೆಯದರಲ್ಲಿ ರೆಕ್ಕೆ ಕೊಕ್ಕುಗಳ ತೂಕ ಒಂದು ಕಡೆ, ಎದೆಮೂಳೆಯದು ಅದಕ್ಕೆ ವಿರುದ್ಧ. ಆದುದರಿಂದ ಅದು ಆಕಾರದ ಅಕ್ಷ.

ಈ 49ರಲ್ಲಿ ಬದುಕಿದವು 21, ಸತ್ತವು 28. ಗಾತ್ರದ ಅಂಕಗಳ ಸರಾಸರಿ ಎರಡು ಗುಂಪುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ಆದರೆ ಸತ್ತವುಗಳ ಅಂಕಗಳು ಸೊನ್ನೆಯಿಂದ ಎರಡು ಕಡೆಗೂ ಹೆಚ್ಚು ದೂರ ಹರಡಿದ್ದವು. ತೀರ ದೊಡ್ಡವೂ ತೀರ ಚಿಕ್ಕವೂ ಹೆಚ್ಚಾಗಿ ಬಿರುಗಾಳಿಗೆ ಬಲಿಯಾದಂತೆ ತೋರುತ್ತದೆ. ಸರಾಸರಿಯೊಂದನ್ನೇ ನೋಡಿದವರಿಗೆ ಈ ಸಂಗತಿ ಗೋಚರಿಸುತ್ತಿರಲಿಲ್ಲ.

ಈ ಅಂಕವನ್ನು ಪರೀಕ್ಷೆಯ ಅಂಕವೆಂದು ಭ್ರಮಿಸಬಾರದು. ಅಕ್ಷವನ್ನು ಹಿಂದುಮುಂದಾಗಿ ತಿರುಗಿಸಿದರೆ ಧನವು ಋಣವಾಗುತ್ತದೆ, ಋಣವು ಧನವಾಗುತ್ತದೆ. ಹಕ್ಕಿಗಳ ನಡುವಣ ಅಂತರ ಬದಲಾಗದು. ಅಂಕವು ಹಕ್ಕಿಯ ಸ್ಥಾನವನ್ನು ಹೇಳುತ್ತದೆ, ಅದರ ಯೋಗ್ಯತೆಯನ್ನು ಹೇಳುವುದಿಲ್ಲ.

ಅಭ್ಯಾಸ
1. ಮೊದಲನೆಯ ಅಕ್ಷವನ್ನು ಗಾತ್ರದ ಅಕ್ಷವೆಂದು ಕರೆಯಲು ಕಾರಣವೇನು?
2. ಸರಾಸರಿಗಳು ಸಮನಾಗಿದ್ದರೂ ಎರಡು ಗುಂಪುಗಳಲ್ಲಿ ಕಂಡುಬಂದ ಭೇದವನ್ನು ವಿವರಿಸಿರಿ.