ನಾಲ್ಕು ತಂತಿ, ನಾಲ್ಕು ಗೆರೆ

ಸಂಗೀತವನ್ನು ಗುರುಮುಖದಿಂದಲೇ ಕಲಿಯಬೇಕೆಂಬುದು ಹಿರಿಯರ ಮಾತು. ಆದರೆ ಹೊಸನಗರದ ಕಡೆಯ ಹಳ್ಳಿಯಿಂದ ಸಾಗರಕ್ಕೆ ದಿನವೂ ಬಸ್ಸಿನಲ್ಲಿ ಬಂದು ಹೋಗುವ ನನ್ನಂತಹ ವಿದ್ಯಾರ್ಥಿಗೆ ಬೇಸ್ ಗಿಟಾರಿನ ಗುರು ದೊರೆಯುವುದೆಲ್ಲಿ? ಬೆಂಗಳೂರಿನ ಬಂಧುವೊಬ್ಬರು ತಾವು ನುಡಿಸದೆ ಮೂಲೆಗಿಟ್ಟಿದ್ದ ವಾದ್ಯವನ್ನು ನನಗೆ ಕೊಟ್ಟಾಗ, ಅದರೊಡನೆ ದೊರೆತ ಒಬ್ಬನೇ ಗುರುವೆಂದರೆ ‘ಟ್ಯಾಬ್’ ಎಂಬ ಲಿಪಿ. ಆ ಲಿಪಿ ಏನನ್ನು ಕಲಿಸುತ್ತದೆ, ಏನನ್ನು ಕಲಿಸುವುದಿಲ್ಲ ಎಂಬುದನ್ನು ನನ್ನ ಅಲ್ಪ ಅನುಭವದಿಂದ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ವಾದ್ಯದ ವಿಚಾರ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ‘ಪ್ರಿಸಿಷನ್ ಬೇಸ್’ ಈ ವಾದ್ಯವನ್ನು ಲೋಕಪ್ರಿಯಗೊಳಿಸಿತು. ಇದಕ್ಕೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ದಪ್ಪದಿಂದ ತೆಳುವಿಗೆ ಅವುಗಳ ಹೆಸರು ಇ, ಎ, ಡಿ, ಜಿ. ವೀಣೆಗಿರುವಂತೆ ಇದಕ್ಕೂ ಮೆಟ್ಟಿಲುಗಳುಂಟು. ‘ಇ’ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಇಷ್ಟು ಮಂದ್ರವಾದ ನಾದವನ್ನು ಮೊಬೈಲಿನ ಪುಟ್ಟ ಸ್ಪೀಕರ್ ಹೊರಡಿಸಲಾರದು. ಹಾಡಿನಲ್ಲಿ ಬೇಸ್ ಇಲ್ಲವೇ ಇಲ್ಲವೆಂದು ನಾನು ಕೆಲವು ದಿನ ತಿಳಿದಿದ್ದೆ. ಇಯರ್‌ಫೋನ್ ಹಾಕಿದ ದಿನ ನನ್ನ ಅಜ್ಞಾನ ತಿಳಿಯಿತು. ಮಳೆಗಾಲದಲ್ಲಿ ನಮ್ಮೂರಿನಲ್ಲಿ ಕರೆಂಟು ಹೋದರೆ ಆಂಪ್ಲಿಫೈಯರ್ ಮೂಕವಾಗುತ್ತದೆ. ಆಗ ವಾದ್ಯದ ಮರದ ತುದಿಯನ್ನು ಕಪಾಟಿನ ಬಾಗಿಲಿಗೆ ಒತ್ತಿ ಹಿಡಿದು ನುಡಿಸಿದರೆ ಕಪಾಟೇ ನಾದವನ್ನು ಹಿಗ್ಗಿಸಿಕೊಡುತ್ತದೆ. ಇದು ಬಡವನ ಉಪಾಯ.

ಹಿಪ್‌ಹಾಪಿನ ಹುಟ್ಟನ್ನು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ನಡೆಸಿದ ಕೂಟದಿಂದ ಎಣಿಸುವ ವಾಡಿಕೆಯಿದೆ. ಇಲ್ಲಿ ಮಾತೇ ಹಾಡು; ಆ ಮಾತಿಗೆ ನೆಲವಾಗಿ ನಿಲ್ಲುವುದು ತಾಳವಾದ್ಯ ಮತ್ತು ಬೇಸ್. 1979ರಲ್ಲಿ ‘ಶಿಕ್’ ತಂಡದ ‘ಗುಡ್ ಟೈಮ್ಸ್’ ಹಾಡಿಗೆ ಬರ್ನಾರ್ಡ್ ಎಡ್ವರ್ಡ್ಸ್ ನುಡಿಸಿದ ಬೇಸ್ ಪಂಕ್ತಿಯನ್ನೇ ಅದೇ ವರ್ಷ ‘ರ‍್ಯಾಪರ್ಸ್ ಡಿಲೈಟ್’ ಹಾಡಿಗಾಗಿ ಸ್ಟುಡಿಯೋದಲ್ಲಿ ಮತ್ತೆ ನುಡಿಸಲಾಯಿತು. ಮೊದಲು ಹೆಸರಿಲ್ಲದಿದ್ದ ಎಡ್ವರ್ಡ್ಸ್ ಹಾಗೂ ನೈಲ್ ರಾಜರ್ಸ್ ಅವರಿಗೆ ತಗಾದೆಯ ಬಳಿಕ ಕರ್ತೃತ್ವದ ಮನ್ನಣೆ ದೊರೆಯಿತು. ಒಬ್ಬನ ನಾಲ್ಕು ತಂತಿಯ ಮೇಲೆ ಇನ್ನೊಬ್ಬರು ಮನೆ ಕಟ್ಟುವಾಗ ಮೊದಲಿನವನ ಹೆಸರನ್ನು ಮರೆಯಬಾರದೆಂಬ ಪಾಠ ಇದರಲ್ಲಿದೆ.

ಇನ್ನು ಲಿಪಿ. ಟ್ಯಾಬ್ ಹೊಸದೇನಲ್ಲ, ಯುರೋಪಿನಲ್ಲಿ 16ನೆಯ ಶತಮಾನದಲ್ಲೇ ಲ್ಯೂಟ್ ಎಂಬ ತಂತಿವಾದ್ಯಕ್ಕೆ ಇಂತಹ ಲಿಪಿಯನ್ನು ಬಳಸುತ್ತಿದ್ದರು. ಒಂದೊಂದು ಗೆರೆ ಒಂದೊಂದು ತಂತಿ. ಗೆರೆಯ ಮೇಲಿನ ಅಂಕಿ ಒತ್ತಬೇಕಾದ ಮೆಟ್ಟಿಲು. ಸೊನ್ನೆಯೆಂದರೆ ಏನನ್ನೂ ಒತ್ತದೆ ಖಾಲಿ ತಂತಿಯನ್ನು ಮೀಟುವುದು. ಅಭ್ಯಾಸಕ್ಕೆಂದು ನಾನೇ ಬರೆದುಕೊಂಡ ಪಂಕ್ತಿಯೊಂದು ಹೀಗಿದೆ:

ಜಿ |----------------|
ಡಿ |----------------|
ಎ |----------0-----|
ಇ |0---0-3-----3---|

‘ಇ’ ತಂತಿಯನ್ನು ಷಡ್ಜವೆಂದುಕೊಂಡರೆ ಇದು ಸ, ಸ, ಗ, ಮ, ಗ ಆಗುತ್ತದೆ. ಗಾಂಧಾರ ಸಾಧಾರಣ, ಮಧ್ಯಮ ಶುದ್ಧ. ನಮ್ಮ ಸ್ವರಲಿಪಿಯು ಸ್ವರಗಳ ಸಂಬಂಧವನ್ನು ಹೇಳುತ್ತದೆ. ಟ್ಯಾಬ್ ಬೆರಳಿಡುವ ಜಾಗವನ್ನು ಮಾತ್ರ ಹೇಳುತ್ತದೆ. ಆದ್ದರಿಂದಲೇ ಸ್ವರಜ್ಞಾನವಿಲ್ಲದವನೂ ಅದನ್ನು ಒಂದೇ ಸಂಜೆಯಲ್ಲಿ ಓದಬಲ್ಲ. ಅಪಾಯವೂ ಅಲ್ಲಿಯೇ ಇದೆ.

ಹೋದ ವರ್ಷ ಗೆಳೆಯನೊಬ್ಬ ತಾನು ಬರೆದ ಕನ್ನಡ ರ‍್ಯಾಪನ್ನು ಗೆಳೆಯರ ಸಭೆಯೊಂದರಲ್ಲಿ ಹೇಳಿದಾಗ ಬೇಸ್ ನನ್ನದಾಗಿತ್ತು. ಒಂದು ಅಂಕಿಯೂ ತಪ್ಪಲಿಲ್ಲ. ಆದರೆ ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಅವನ ಮಾತು ಒಂದು ಕಡೆ, ನನ್ನ ತಂತಿ ಇನ್ನೊಂದು ಕಡೆ. ಅವನು ನಡುವೆಯೇ ನಿಲ್ಲಿಸಿ ವೇದಿಕೆಯಿಂದ ಇಳಿದ. ಯಾರೂ ನನ್ನನ್ನು ಬೈಯಲಿಲ್ಲ. ಅದೇ ಹೆಚ್ಚು ನೋವಾಯಿತು.

ರಜೆಯಲ್ಲಿ ತೀರ್ಥಹಳ್ಳಿಯ ಕಡೆ ಇರುವ ದೊಡ್ಡಪ್ಪನ ಮನೆಗೆ ಹೋದೆ. ಅವರು ಯಕ್ಷಗಾನದಲ್ಲಿ ಮದ್ದಳೆ ನುಡಿಸುತ್ತಿದ್ದವರು. ಈಗ ಕೈ ನಡುಗುವುದರಿಂದ ಬಿಟ್ಟಿದ್ದಾರೆ. ನನ್ನ ವಾದನವನ್ನು ಕೇಳಿ, “ಅಂಕಿ ಎಲ್ಲ ಸರಿ ಇರಬಹುದು ಮಾರಾಯ, ತಾಳ ಎಲ್ಲಿ ಬಿಟ್ಟು ಬಂದೆ?” ಎಂದರು. “ಕಾಗದದಲ್ಲಿ ಇದ್ದ ಹಾಗೇ ನುಡಿಸಿದೆ ದೊಡ್ಡಪ್ಪ” ಎಂದೆ. “ಹಾಗಾದರೆ ಅದನ್ನು ಕೆಳಗಿಡು. ಮೊದಲು ಬಾಯಲ್ಲಿ ಹೇಳು” ಎಂದು ತೊಡೆಯ ಮೇಲೆ ತಾಳ ಹಾಕತೊಡಗಿದರು.

ಮೇಲಿನ ಪಂಕ್ತಿಯನ್ನೇ ನೋಡಿ. ಅದನ್ನು ‘ತಕಧಿಮಿ ತಕಧಿಮಿ’ ಎಂದು ಎಂಟು ಅಕ್ಷರಗಳಾಗಿ ಹೇಳಿದರೆ, ಮೊದಲ ಸುತ್ತಿನಲ್ಲಿ ತ, ಧಿ, ಮಿ ಅಕ್ಷರಗಳಿಗೆ ಮೀಟು. ಎರಡನೆಯದರಲ್ಲಿ ಕ, ಧಿ ಅಕ್ಷರಗಳಿಗೆ. ಎರಡನೆಯ ‘ತ’ ಬರಿದು. ನಾನು ಅಂಕಿಯಿಂದ ಅಂಕಿಗೆ ಹಾರುತ್ತಾ ಈ ಬರಿದನ್ನೇ ನುಂಗಿಬಿಡುತ್ತಿದ್ದೆ. ಟ್ಯಾಬನ್ನು ಬರೆದವರು ಅಡ್ಡಗೆರೆಗಳನ್ನು ಅಳತೆಯಿಂದಲೇ ಹಾಕಿರುತ್ತಾರೆಂಬ ಭರವಸೆಯೂ ಇಲ್ಲ. ಬಿಡುವನ್ನು ಕಿವಿಯಿಂದಲೇ ತಿಳಿಯಬೇಕು.

ಕಲಿಯಬಯಸುವ ಗೆಳೆಯರಿಗೆ ನಾಲ್ಕು ಮಾತು. ಮೊದಲು ಹಾಡನ್ನು ಇಯರ್‌ಫೋನಿನಲ್ಲಿ ಹತ್ತು ಬಾರಿಯಾದರೂ ಕೇಳಿ. ಎರಡನೆಯದಾಗಿ, ಶ್ರುತಿ ಕೂಡಿಸಿ: ಒಂದು ತಂತಿಯ ಐದನೆಯ ಮೆಟ್ಟಿಲಿನ ನಾದವೂ ಅದರ ಮುಂದಿನ ತೆಳು ತಂತಿಯ ಖಾಲಿ ನಾದವೂ ಒಂದೇ ಆಗಿರಬೇಕು. ಮೂರನೆಯದಾಗಿ, ವಾದ್ಯವನ್ನು ಮುಟ್ಟದೆ ಬಾಯಲ್ಲಿ ಎಣಿಸಿ, ಕೈಯಲ್ಲಿ ತಾಳ ಹಾಕಿ. ಕೊನೆಗೆ ಅರ್ಧ ವೇಗದಲ್ಲಿ ನುಡಿಸಿ, ಆಮೇಲೆ ಟ್ಯಾಬನ್ನು ಮುಚ್ಚಿಡಿ.

ದೊಡ್ಡಪ್ಪನ ಪಾಠಗಳು ಯಾವ ಕಾಗದದಲ್ಲೂ ಇಲ್ಲ. ಅವರ ನಾಲಿಗೆಯ ಮೇಲಿವೆ. ಅವರ ಮದ್ದಳೆಗೆ ಮನೆಯಲ್ಲಿ ವಾರಸುದಾರರೂ ಇಲ್ಲ. ಈಗ ಭಾನುವಾರಗಳಂದು ಅವರು ಹೇಳುತ್ತಾರೆ, ನಾನು ಗೆರೆ ಎಳೆದು ಅಕ್ಷರಗಳನ್ನು ತುಂಬುತ್ತೇನೆ, ಬಿಡುವು ಇರುವಲ್ಲೆಲ್ಲ ಒಂದು ಚುಕ್ಕೆ ಇಡುತ್ತೇನೆ. ಟ್ಯಾಬ್ ನನಗೆ ಕಲಿಸಲಾರದ್ದನ್ನು ಅವರು ಕಲಿಸಿದರು. ಟ್ಯಾಬಿನಿಂದ ಕಲಿತ ಬರವಣಿಗೆಯನ್ನು ನಾನು ಅವರಿಗೆ ಸಲ್ಲಿಸುತ್ತಿದ್ದೇನೆ. ಈಗಾಗಲೇ ಒಂದು ಪಟ್ಟಿ ಪುಸ್ತಕ ತುಂಬಿದೆ. ಗೆಳೆಯನೂ ಮತ್ತೆ ನನ್ನೊಡನೆ ಅಭ್ಯಾಸಕ್ಕೆ ಬರುತ್ತಿದ್ದಾನೆ.