ಕೊಟ್ಟಿಗೆಯ ವೈರಿಂಗ್: ಯಂತ್ರಕ್ಕೊಂದು ಪೆಟ್ಟಿಗೆ, ಹಸುವಿಗೆ ರಕ್ಷಣೆ



ಕೆಂಗೇರಿ, ಕುಂಬಳಗೋಡು, ತಾವರೆಕೆರೆ ಕಡೆಯ ಕೊಟ್ಟಿಗೆಗಳಿಗೆ ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ, ನೀರಿನ ಮೋಟಾರು, ಫ್ಯಾನು ಒಂದೊಂದಾಗಿ ಬಂದಿವೆ. ಅವುಗಳ ಜೊತೆ ವೈರುಗಳೂ ಹೆಚ್ಚಿವೆ. ಮನೆಯ ಒಂದೇ ಬೋರ್ಡಿನಿಂದ ಎಳೆದ ವೈರುಗಳು ಗೋದಲಿಯ ಮೇಲೆ, ತಗಡಿನ ಕೆಳಗೆ, ಗಂಜಲ ಹರಿಯುವ ನೆಲದ ಮೇಲೆ ಹಾದುಹೋಗುತ್ತವೆ. ಇಲಿ ಕಡಿದ ಒಂದು ಜಾಗ ಸಾಕು, ಹಸುವಿನ ಜೀವಕ್ಕೂ ನಿಮ್ಮ ಜೀವಕ್ಕೂ ಅಪಾಯ.

ಹಸುವಿಗೆ ಏಕೆ ಹೆಚ್ಚು ಅಪಾಯ?

ಹಸು ಒದ್ದೆ ನೆಲದ ಮೇಲೆ ನಾಲ್ಕು ಕಾಲೂರಿ ನಿಂತಿರುತ್ತದೆ. ಮುಂಗಾಲು, ಹಿಂಗಾಲುಗಳ ನಡುವೆ ಅಂತರ ಹೆಚ್ಚು. ಆದ್ದರಿಂದ ನೆಲಕ್ಕೆ ಸೋರಿದ ಕರೆಂಟು ಅದರ ಎದೆಯ ಮೂಲಕವೇ ಹಾಯುತ್ತದೆ. ನಮಗೆ ಗೊತ್ತಾಗದಷ್ಟು ಸಣ್ಣ ಸೋರಿಕೆಯೂ ಅದಕ್ಕೆ ತಾಗುತ್ತದೆ. ಹಸು ಕರೆಯುವ ಜಾಗಕ್ಕೆ ಬರಲು ಹಿಂಜರಿದರೆ, ಕಾಲು ಎತ್ತಿ ಎತ್ತಿ ಇಟ್ಟರೆ, ತೊಟ್ಟಿಯ ನೀರಿಗೆ ನಾಲಿಗೆ ತಾಗಿಸಿ ಬಿಟ್ಟರೆ ವೈರಿಂಗನ್ನೂ ಅನುಮಾನಿಸಿ. ಬೆದರಿದ ಹಸು ಪೂರ್ತಿ ಹಾಲು ಇಳಿಸುವುದಿಲ್ಲ. ಉಳಿದ ಹಾಲು ಕೆಚ್ಚಲು ಬಾವಿಗೆ ದಾರಿಯಾಗುತ್ತದೆ.

ಕಾರ್ಖಾನೆಯಿಂದ ಕಲಿಯೋಣ

ಪೀಣ್ಯದ ಕಾರ್ಖಾನೆಗೆ ಹೋಗುವವರು ಮನೆಯಲ್ಲಿದ್ದರೆ ಕೇಳಿ ನೋಡಿ. ಎಲ್ಲ ಮೋಟಾರುಗಳ ವೈರನ್ನೂ ಒಂದೇ ದೊಡ್ಡ ಕಂಟ್ರೋಲ್ ಪ್ಯಾನೆಲ್‌ಗೆ ಎಳೆಯುವ ಬದಲು, ಯಂತ್ರದ ಪಕ್ಕದಲ್ಲೇ ಸಣ್ಣ ಪ್ಯಾನೆಲ್ ಇಡುವ ಪದ್ಧತಿಯಿದೆ. ವೈರು ಕಡಿಮೆಯಾಗುತ್ತದೆ, ದೋಷ ಬೇಗ ಸಿಗುತ್ತದೆ. ಇದೇ ಕ್ರಮ ಕೊಟ್ಟಿಗೆಗೂ ಹೊಂದುತ್ತದೆ. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಹೀಗೆ ಮಾಡಿಸಿ:

1. ಮನೆಯಿಂದ ಕೊಟ್ಟಿಗೆಗೆ ಲೋಡಿಗೆ ತಕ್ಕ ಒಂದೇ ಕೇಬಲ್. ಪೈಪಿನೊಳಗೆ, ಹಸುವಿನ ಬಾಯಿಗೆ, ಕೊಂಬಿಗೆ ಸಿಗದ ಎತ್ತರದಲ್ಲಿರಲಿ.

2. ಆ ಕೇಬಲ್ ಶುರುವಾಗುವಲ್ಲಿ ಕೊಟ್ಟಿಗೆಗೆಂದೇ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ಕರೆಂಟು ಸೋರಿದರೆ ಇದು ಕ್ಷಣದಲ್ಲಿ ಕಡಿತ ಮಾಡುತ್ತದೆ. ಎಂಸಿಬಿ ಮಾತ್ರ ಇದ್ದರೆ ಸಾಲದು. ಅದು ಲೋಡು ಹೆಚ್ಚಾದಾಗ, ಶಾರ್ಟ್ ಆದಾಗ ಬೀಳುತ್ತದೆ, ಶಾಕಿನಿಂದ ಕಾಪಾಡುವುದಿಲ್ಲ.

3. ಪ್ರತಿ ಯಂತ್ರದ ಹತ್ತಿರ, ನೀರು ಸಿಡಿಯದ ಕಡೆ, ಮುಚ್ಚಳವಿರುವ ಸಣ್ಣ ಪ್ಲಾಸ್ಟಿಕ್ ಪೆಟ್ಟಿಗೆ. ಅದರಲ್ಲಿ ಆ ಯಂತ್ರದ್ದೇ ಎಂಸಿಬಿ, ಸ್ವಿಚ್ಚು. ಮೇವು ಕತ್ತರಿಸುವಾಗ ಸೆರಗು ಸಿಕ್ಕಿಕೊಂಡರೆ ನಿಂತಲ್ಲಿಂದಲೇ ಆಫ್ ಮಾಡುವಂತಿರಬೇಕು.

4. ಎಲ್ಲ ಯಂತ್ರಗಳಿಗೂ ಸರಿಯಾದ ಅರ್ತಿಂಗ್. ಅರ್ತ್ ವೈರನ್ನು ನೀರಿನ ಪೈಪಿಗೆ ಸುತ್ತಿ ಬಿಡಬೇಡಿ.

ಆರ್‌ಸಿಸಿಬಿ ಬಿದ್ದರೆ ಏನು ಮಾಡಬೇಕು?

ಯಾರಿಗೂ ಶಾಕ್ ತಗುಲಿಲ್ಲವೆಂದು ಮೊದಲು ನೋಡಿ. ಎಲ್ಲ ಪೆಟ್ಟಿಗೆಗಳನ್ನೂ ಆಫ್ ಮಾಡಿ, ಹಸುಗಳನ್ನು ಹೊರಗೆ ಕಟ್ಟಿ, ಆರ್‌ಸಿಸಿಬಿ ಮೇಲೆತ್ತಿ. ಒಣ ಕೈಯಿಂದ ಒಂದೊಂದೇ ಪೆಟ್ಟಿಗೆ ಆನ್ ಮಾಡಿ. ಯಾವುದಕ್ಕೆ ಮತ್ತೆ ಬೀಳುತ್ತದೋ ದೋಷ ಅಲ್ಲಿದೆ. ಅದನ್ನು ಆಫ್ ಮಾಡಿ ರಿಪೇರಿಗೆ ಹೇಳಿ, ಉಳಿದವು ನಡೆಯಲಿ. ಪದೇ ಪದೇ ಬೀಳುತ್ತದೆಂದು ಆರ್‌ಸಿಸಿಬಿಯನ್ನೇ ತೆಗೆಸಬೇಡಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ. ಬೀಳದಿದ್ದರೆ ಬದಲಿಸಿ.

ಹಸುವಿಗೆ ಶಾಕ್ ಹೊಡೆದರೆ

ಹಸು ಕುಸಿದರೆ ಓಡಿಹೋಗಿ ಹಗ್ಗ ಹಿಡಿಯಬೇಡಿ. ಮೊದಲು ಮೇನ್ ಆಫ್ ಮಾಡಿ, ಆಮೇಲೆ ಹತ್ತಿರ ಹೋಗಿ, ಪಶುವೈದ್ಯರಿಗೆ ಫೋನ್ ಮಾಡಿ. ಕಂಬದ ತಂತಿ ಬಿದ್ದಿದ್ದರೆ ದೂರವೇ ನಿಂತು ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ.

ಇಂದು ಸಂಜೆ ಹಾಲು ಕರೆಯುವ ಮೊದಲು ಒಮ್ಮೆ ತಲೆಯೆತ್ತಿ ನೋಡಿ. ನಿಮ್ಮ ಕೊಟ್ಟಿಗೆಯಲ್ಲಿ ಎಷ್ಟು ವೈರುಗಳು ಜೋತುಬಿದ್ದಿವೆ?